ಮೂಕಪ್ರಾಣಿಯ ರೋಗವೂ ಗೃಹಸ್ಥನ ಧರ್ಮವೂ

ಪ್ರಾಣಿದಯೆಯ ಮಾತನ್ನು ಅಲ್ಲಗಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಇರುವೆಯ ಗೂಡಿಗೆ ಸಕ್ಕರೆ, ಹಕ್ಕಿಗೆ ಕಾಳು, ಬೇಸಗೆಯಲ್ಲಿ ದನಗಳಿಗೆ ನೀರಿನ ದೋಣಿ, ಇವೆಲ್ಲ ಸದ್ಗೃಹಸ್ಥರ ಮನೆಗಳಲ್ಲಿ ನಡೆದುಬಂದ ಆಚಾರಗಳು. ಆದರೆ ಇವು ಸುಲಭವಾದ ದಯೆಗಳು. ಹತ್ತು ವರ್ಷ ಬಾಗಿಲು ಕಾಯ್ದ ನಾಯಿಗೆ ಒಂದು ರೋಗ ತಗುಲಿತೆನ್ನೋಣ; ಅದನ್ನು ಕೆಲಕಾಲ ಹಿಂದಕ್ಕೆ ತಳ್ಳಬಹುದು, ಬೇರುಸಹಿತ ಕೀಳುವುದು ಬಹುಮಟ್ಟಿಗೆ ಅಸಾಧ್ಯ. ಆಗ ಯಜಮಾನನು ಚಿಕಿತ್ಸೆ ಮಾಡಿಸಬೇಕೇ, ಸುಮ್ಮನಿರಬೇಕೇ, ನೋವು ಮಿತಿಮೀರಿದಾಗ ಪ್ರಾಣವನ್ನು ಬಿಡಿಸಬೇಕೇ? ನಾಯಿ ಬೆಕ್ಕುಗಳಿಗೆ ಬರುವ ಲಿಂಫೋಮಾ ಎಂಬ ರೋಗವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಬಾಗಲಕೋಟೆಯ ಸೀಮೆಗೆ ನಾಯಿಯ ವಿಚಾರ ಹೊಸದೇನಲ್ಲ. ಮುಧೋಳದ ಬೇಟೆನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರಕಾರವು 2005ರಲ್ಲಿ ಹೊರಡಿಸಿತು. ಆ ತಳಿಯ ರಕ್ಷಣೆಗೆಂದೇ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಬಾದಾಮಿ, ಹುನಗುಂದಗಳ ಕುರಿಹಟ್ಟಿಗಳಲ್ಲಿ ನಾಯಿಯಿಲ್ಲದೆ ಇರುಳು ಕಳೆಯದು. ಇಳಕಲ್ಲಿನ ನೇಕಾರನ ಮನೆಯಲ್ಲಿ ನೂಲನ್ನು ಇಲಿಯ ಹಲ್ಲಿನಿಂದ ಕಾಪಾಡುವುದು ಬೆಕ್ಕು. ಉಂಡ ಅನ್ನಕ್ಕೆ ಈ ಪ್ರಾಣಿಗಳೂ ತಮ್ಮ ತಮ್ಮ ಕಾಯಕವನ್ನು ಸಲ್ಲಿಸುತ್ತಿವೆ. ಅವುಗಳ ರೋಗವನ್ನು ಹೊರಗಿನ ಸಂಗತಿಯೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ.

ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟುಗಳೆಂಬ ಒಂದು ವರ್ಗವುಂಟು. ರೋಗಾಣುಗಳೊಡನೆ ಹೋರಾಡುವುದು ಅವುಗಳ ಕೆಲಸ. ಈ ಕಾವಲಿನ ಕಣಗಳೇ ಮಿತಿದಪ್ಪಿ ಬೆಳೆಯತೊಡಗಿದರೆ ಅದು ಲಿಂಫೋಮಾ, ಒಂದು ಬಗೆಯ ಅರ್ಬುದರೋಗ. ನಾಯಿಯಲ್ಲಿ ಸಾಮಾನ್ಯವಾಗಿ ದವಡೆಯ ಕೆಳಗೆ, ಹೆಗಲಿನ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ ಇರುವ ದುಗ್ಧಗ್ರಂಥಿಗಳು ಉಬ್ಬಿಕೊಳ್ಳುತ್ತವೆ. ಒತ್ತಿದರೂ ನೋವಿಲ್ಲ, ನಾಯಿ ಉಣ್ಣುತ್ತದೆ, ಓಡಾಡುತ್ತದೆ. ಆದುದರಿಂದಲೇ ಮನೆಯವರು ಅಲಕ್ಷಿಸುತ್ತಾರೆ. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡಗಳನ್ನು ಒಂದೆಡೆ ತಂದು ಬೇರೆಬೇರೆಯಾಗಿ ವಿವರಿಸಿದೆ. ಇವುಗಳಲ್ಲಿ ಇಂಥದೇ ಲಿಂಫೋಮಾ ಎನ್ನುವುದು ಸಾಹಸವಾದೀತು. ಆದರೆ ಗಂಟುಗಳೆಲ್ಲ ಒಂದೇ ಅಲ್ಲ, ವಿಂಗಡಿಸಿ ತಿಳಿದ ಮೇಲೆಯೇ ಚಿಕಿತ್ಸೆ ಎಂಬ ಆ ಕ್ರಮವು ಇಂದಿಗೂ ಸಾಧುವಾದುದು. ನಿದಾನವೆಂಬ ಶಬ್ದವನ್ನು ನಮ್ಮ ಹುಡುಗರು ನಿಧಾನವೆಂದು ಬರೆಯುವುದುಂಟು. ಈ ರೋಗದಲ್ಲಂತೂ ನಿದಾನಕ್ಕೆ ನಿಧಾನ ಸಲ್ಲದು.

ಏಕೆಂದರೆ ಗಂಟು ಕಂಡೊಡನೆ ‘ಇದಕ್ಕೆ ಕಾಲ ಬಂತು’ ಎಂದು ಕೈಬಿಡುವವರಿದ್ದಾರೆ. ಉಣ್ಣೆಗಳಿಂದ ಹರಡುವ ಜ್ವರದಲ್ಲಿಯೂ ಗ್ರಂಥಿಗಳು ಹೀಗೆಯೇ ಉಬ್ಬುತ್ತವೆ. ಕುರಿಹಟ್ಟಿಯ ನಾಯಿಗಳಿಗೆ ಉಣ್ಣೆಯ ಕಾಟ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆಯಿದೆ. ಕೆಲವು ವಾರಗಳಲ್ಲಿ ವಾಸಿಯಾಗಬಲ್ಲ ಪ್ರಾಣಿಯನ್ನು ಅಜ್ಞಾನದಿಂದ ಸಾವಿಗೆ ಒಪ್ಪಿಸಿದಂತಾಗುತ್ತದೆ. ಪರೀಕ್ಷೆಯಾದರೂ ಕಠಿಣವಲ್ಲ. ಚುಚ್ಚುಮದ್ದಿನ ಸಣ್ಣ ಸೂಜಿಯನ್ನು ಗ್ರಂಥಿಗೆ ಚುಚ್ಚಿ, ಬಂದ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಲ್ಲಿನ ಕಾಯಿಲೆಯಿಂದಲೂ ದವಡೆಯ ಗ್ರಂಥಿ ಊದುವುದುಂಟಾದುದರಿಂದ ಮೊಣಕಾಲ ಹಿಂದಿನದು ಪರೀಕ್ಷೆಗೆ ಮೇಲು. ಸಂಶಯ ಉಳಿದರೆ ಗ್ರಂಥಿಯ ತುಣುಕನ್ನೇ ತೆಗೆದು ನೋಡಬೇಕು. ಬಳಿಕ ರಕ್ತಪರೀಕ್ಷೆ, ಎದೆಯ ಕ್ಷಕಿರಣ, ಹೊಟ್ಟೆಯ ಸ್ಕ್ಯಾನ್. ರೋಗವು ಬಿ ಕಣದ್ದೋ ಟಿ ಕಣದ್ದೋ ಎಂಬುದರ ನಿರ್ಣಯ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಂಟು ಕರಗಲೆಂದು ಪರೀಕ್ಷೆಗೆ ಮೊದಲೇ ಸ್ಟೆರಾಯ್ಡ್ ಕೊಡಿಸುವ ರೂಢಿಯಿದೆ. ಗಂಟು ಕರಗುತ್ತದೆ, ಯಜಮಾನನಿಗೆ ಸಮಾಧಾನವೂ ಆಗುತ್ತದೆ. ಆದರೆ ಆಮೇಲೆ ಪರೀಕ್ಷೆಯಲ್ಲಿ ರೋಗ ಸ್ಪಷ್ಟವಾಗಿ ಕಾಣದು. ಮುಂದೆ ಕೊಡುವ ಮದ್ದುಗಳಿಗೂ ರೋಗದ ಕಣಗಳು ಬಗ್ಗದಂತಾಗುತ್ತವೆ.

ಇನ್ನು ಚಿಕಿತ್ಸೆ. ಏನೂ ಮಾಡದಿದ್ದರೆ ಇಂಥ ನಾಯಿ ಸಾಮಾನ್ಯವಾಗಿ ನಾಲ್ಕಾರು ವಾರಗಳಲ್ಲಿ ತೀರಿಕೊಳ್ಳುತ್ತದೆ. ಪ್ರೆಡ್ನಿಸೊಲೋನ್ ಮಾತ್ರೆಯೊಂದನ್ನೇ ಕೊಟ್ಟರೆ ಒಂದೆರಡು ತಿಂಗಳು ಸುಖವಾಗಿರುತ್ತದೆ. ವಿನ್‌ಕ್ರಿಸ್ಟಿನ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ಪ್ರೆಡ್ನಿಸೊಲೋನ್ ಈ ನಾಲ್ಕನ್ನು ಸರದಿಯಂತೆ ನಾಲ್ಕರಿಂದ ಆರು ತಿಂಗಳು ಕೊಡುವ ಕ್ರಮವೇ ಶ್ರೇಷ್ಠವೆಂದು ವೈದ್ಯರ ಮತ. ಅದರಿಂದ ನೂರಕ್ಕೆ 80–90 ನಾಯಿಗಳಲ್ಲಿ ರೋಗ ಅಡಗುತ್ತದೆ. ಬಿ ಕಣದ ರೋಗದಲ್ಲಿ ಆಯುಷ್ಯ ಸುಮಾರು ಒಂದು ವರ್ಷ, ಟಿ ಕಣದ್ದಾದರೆ ಆರೇಳು ತಿಂಗಳು. ಎರಡು ವರ್ಷ ದಾಟುವುವು ಸ್ವಲ್ಪವೇ. ಇವುಗಳಲ್ಲಿ ವಿನ್‌ಕ್ರಿಸ್ಟಿನ್ ದೊರೆತುದು ನಮ್ಮ ಅಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ. ರಾಶಿ ಎಲೆಯಿಂದ ಚಿಟಿಕೆಯಷ್ಟು ಸಿಗುವ ಈ ಸತ್ತ್ವಕ್ಕೆ 1963ರಲ್ಲಿ ಅಮೆರಿಕದಲ್ಲಿ ಮದ್ದೆಂದು ಮಾನ್ಯತೆ ದೊರೆಯಿತು. (ಹಾಗೆಂದು ಯಾರೂ ಎಲೆಯನ್ನು ಅರೆದು ಕುಡಿಸಕೂಡದು, ಅದು ವಿಷ.) ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಗಡ್ಡೆಯೊಂದಕ್ಕೆ ನಮ್ಮ ಪಶುವೈದ್ಯರು ಬಹುಕಾಲದಿಂದ ಇದನ್ನೇ ಕೊಡುತ್ತಿರುವುದರಿಂದ ಈ ಮದ್ದು ಅವರ ಕೈಗೆ ಹೊಸದಲ್ಲ.

ಇಲ್ಲಿ ತಾತ್ತ್ವಿಕವಾದ ತೊಡಕು ಬರುತ್ತದೆ. ಮನುಷ್ಯನು ಇದೇ ಮದ್ದುಗಳನ್ನು ತೆಗೆದುಕೊಳ್ಳುವಾಗ ವಾಂತಿಯನ್ನೂ ನಿತ್ರಾಣವನ್ನೂ ಸಹಿಸುತ್ತಾನೆ. ಮಗಳ ಮದುವೆಯಿದೆ, ಮಗನ ಓದಿದೆ. ನಾಳೆಗಾಗಿ ಇಂದಿನ ನೋವನ್ನು ಅವನೇ ಒಪ್ಪಿಕೊಂಡಿರುತ್ತಾನೆ. ನಾಯಿಗೆ ಆ ನಾಳೆಯ ಸಂಕಲ್ಪವಿಲ್ಲ. ಚುಚ್ಚಿದ್ದು ಏಕೆಂದು ಅದಕ್ಕೆ ಹೇಳುವ ಭಾಷೆ ನಮ್ಮಲ್ಲಿಲ್ಲ. ಆದುದರಿಂದ ಮನುಷ್ಯನ ಚಿಕಿತ್ಸೆಯನ್ನು ಸಮರ್ಥಿಸುವ ಯುಕ್ತಿಯು ಪ್ರಾಣಿಗೆ ಅನ್ವಯಿಸುವುದಿಲ್ಲ. ಅದರ ಇಂದಿನ ದಿನವನ್ನು ಕೆಡಿಸಿ ನಾಳೆಯನ್ನು ಕೂಡಿಸಿಕೊಡುವುದು ದಯೆಯಾಗಲಾರದು.

ಸಂತೋಷದ ಸಂಗತಿಯೆಂದರೆ ಪಶುವೈದ್ಯಶಾಸ್ತ್ರವು ಇದನ್ನು ಅರಿತಿದೆ. ಪ್ರಾಣಿಗೆ ಕೊಡುವ ಮದ್ದಿನ ಪ್ರಮಾಣವೇ ಮನುಷ್ಯರಿಗಿಂತ ಸೌಮ್ಯ. ಪೂರ್ಣವಾಗಿ ವಾಸಿಮಾಡುವೆನೆಂಬ ಹಟ ಅಲ್ಲಿಲ್ಲ. ಇರುವಷ್ಟು ದಿನ ಉಣ್ಣುತ್ತ ಓಡಾಡುತ್ತ ಇರಲಿ ಎಂಬುದೇ ಗುರಿ. ಹೆಚ್ಚಿನ ನಾಯಿಗಳಿಗೆ ವಾಂತಿ ಭೇದಿಗಳು ಬಂದರೂ ಅಲ್ಪವಾಗಿಯೇ ಬಂದು ಹೋಗುತ್ತವೆ. ಪ್ರತಿಸಾರಿ ರಕ್ತದ ಬಿಳಿಕಣಗಳನ್ನು ಎಣಿಸಿಯೇ ಮುಂದಿನ ಮದ್ದು. ನಿತ್ರಾಣ ಹೆಚ್ಚಿದರೆ ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೆ ನಿಲ್ಲಿಸುತ್ತಾರೆ. ಹೀಗೆ ನಡೆಯುವ ಚಿಕಿತ್ಸೆಯನ್ನು ಪ್ರಾಣಿಹಿಂಸೆಯೆಂದು ಜರೆಯುವವರ ಮಾತನ್ನು ನಾನು ಒಪ್ಪಲಾರೆ. ಆದರೆ ರೋಗ ಮರುಕಳಿಸಿ, ಮದ್ದು ಹತ್ತದೆ, ನಾಯಿ ಮೇಲೇಳದಿದ್ದಾಗಲೂ ‘ಇನ್ನೊಂದು ಸಲ ನೋಡೋಣ’ ಎಂದು ಚುಚ್ಚಿಸುವವನು ತನ್ನ ಅಗಲಿಕೆಯ ಭಯಕ್ಕೆ ಮದ್ದು ಮಾಡಿಸುತ್ತಿದ್ದಾನೆ. ಆ ನೋವನ್ನು ಹೊರುವುದು ಮಾತ್ರ ನಾಯಿ.

ಬೆಕ್ಕಿನ ವಿಚಾರ ಸ್ವಲ್ಪ ಬೇರೆ. ಅದರಲ್ಲಿ ಈ ರೋಗವನ್ನು ತರಬಲ್ಲ ವೈರಾಣುವೊಂದನ್ನು 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಇಂದು ಹೆಚ್ಚಾಗಿ ಕಾಣುವುದು ಮುದಿ ಬೆಕ್ಕಿನ ಕರುಳಿಗೆ ಬರುವ ಬಗೆ: ಮೈ ಕೃಶವಾಗುತ್ತದೆ, ಆಗಾಗ ವಾಂತಿ, ಹಸಿವು ಕೆಲವೊಮ್ಮೆ ಹೆಚ್ಚೇ. ಸಣ್ಣ ಕಣದ ರೋಗವಾದರೆ ಕ್ಲೋರಾಂಬುಸಿಲ್ ಮತ್ತು ಪ್ರೆಡ್ನಿಸೊಲೋನ್ ಮಾತ್ರೆಗಳಿಂದ ಮನೆಯಲ್ಲಿಯೇ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಬಾಳಬಲ್ಲುದು. ದೊಡ್ಡ ಕಣದ್ದು ಕ್ರೂರ. ಧೂಮಪಾನವುಳ್ಳ ಮನೆಯ ಬೆಕ್ಕುಗಳಲ್ಲಿ ಈ ರೋಗದ ಅಪಾಯ ಇಮ್ಮಡಿಗೂ ಮಿಕ್ಕಿರುವುದನ್ನು 2002ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಜಗಲಿಯ ಮೇಲೆ ಬೀಡಿ ಸೇದುವ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಣದ ಮಾತೂ ಬರುತ್ತದೆ. ಬಾಗಲಕೋಟೆಯಿಂದ ಬೆಂಗಳೂರಿನ ಹೆಬ್ಬಾಳಕ್ಕೋ ಬೀದರಿಗೋ ಪ್ರಾಣಿಯನ್ನು ಪದೇ ಪದೇ ಒಯ್ಯುವುದು ನೇಕಾರನಿಗಾಗಲಿ ಕುರಿಗಾರನಿಗಾಗಲಿ ಸುಲಭವಲ್ಲ. ಮಕ್ಕಳ ಶಾಲೆಯ ಶುಲ್ಕವನ್ನು ತಡೆದು, ಸಾಲ ಮಾಡಿ, ನಾಯಿಗೆ ಆರು ತಿಂಗಳು ಕೊಳ್ಳೆಂದು ಯಾವ ಧರ್ಮವೂ ಹೇಳಲಾರದು. ಅಂಥವನು ರೋಗವನ್ನು ನಿಶ್ಚಯಿಸಿಕೊಂಡು, ಅಗ್ಗದ ಪ್ರೆಡ್ನಿಸೊಲೋನ್ ಮಾತ್ರೆಯನ್ನೂ ಮೆತ್ತನೆಯ ಅನ್ನವನ್ನೂ ಕೊಟ್ಟು, ನೆರಳಲ್ಲಿ ಮಲಗಿಸಿದರೆ ತನ್ನ ಋಣವನ್ನು ತೀರಿಸಿದಂತೆಯೇ. ಉಳ್ಳವನು ಮಾತ್ರ ‘ನಾಯಿಗೇಕೆ ಇಷ್ಟು ಖರ್ಚು’ ಎನ್ನುವಾಗ ತಾನು ಬೇರೆ ಯಾವುದಕ್ಕೆಲ್ಲ ಖರ್ಚು ಮಾಡುತ್ತಿರುವನೆಂದು ನೋಡಿಕೊಳ್ಳುವುದು ಒಳ್ಳೆಯದು.

ಕಡೆಯ ಪ್ರಶ್ನೆ ಪ್ರಾಣ ಬಿಡಿಸುವುದು. ಇದು ಕೊಲೆಯಲ್ಲವೇ, ಪ್ರಾಣಿಯ ಕರ್ಮವನ್ನು ಅದೇ ಉಂಡು ತೀರಿಸಬೇಡವೇ ಎಂದು ಕೇಳುವವರುಂಟು. ಕರ್ಮವೆಂದು ಬಿಡುವುದಾದರೆ ಮಗುವಿನ ಕಾಲಿನ ಮುಳ್ಳನ್ನೂ ತೆಗೆಯುವಂತಿಲ್ಲ. ಕೊಲೆಯೆಂಬ ಆಕ್ಷೇಪಕ್ಕೆ ತೂಕವುಂಟು. ಸಾಕಿ ಬೇಸರವಾಯಿತು, ಅಂಗಳ ಹೊಲಸಾಗುತ್ತದೆ ಎಂದು ಸೂಜಿ ಹಾಕಿಸುವುದು ಕೊಲೆಯೇ ಸರಿ. ಉಸಿರಾಟಕ್ಕೆ ತಿಣುಕುತ್ತ, ನೀರನ್ನೂ ಮುಟ್ಟದೆ, ಕರೆದರೆ ಬಾಲವನ್ನೂ ಅಲ್ಲಾಡಿಸದೆ ದಿನಗಟ್ಟಲೆ ಬಿದ್ದಿರುವ ಪ್ರಾಣಿಯ ಸ್ಥಿತಿ ಬೇರೆ. ಅಲ್ಲಿ ನಾವು ಇಳಿಸುವುದು ಅದರ ಭಾರವನ್ನು. ಪ್ರಾಣಿಹಿಂಸಾ ನಿವಾರಣೆಯ 1960ರ ಕಾಯಿದೆಯು 3ನೆಯ ಕಲಮಿನಲ್ಲಿ ಪ್ರಾಣಿಯ ಯೋಗಕ್ಷೇಮವನ್ನು ಅದನ್ನು ಇಟ್ಟುಕೊಂಡವನ ಕರ್ತವ್ಯವೆಂದು ವಿಧಿಸಿದೆ. 13ನೆಯ ಕಲಮಿನಲ್ಲಿ ಬದುಕಿಸುವುದೇ ಕ್ರೌರ್ಯವಾಗುವಷ್ಟು ನರಳುವ ಪ್ರಾಣಿಗೆ ಮುಕ್ತಿ ಕೊಡುವ ಮಾರ್ಗವನ್ನೂ ಇಟ್ಟಿದೆ. ಈ ಕೆಲಸವನ್ನು ಪಶುವೈದ್ಯನಿಂದಲೇ ಮಾಡಿಸಬೇಕು. ನಿದ್ದೆ ಬರಿಸಿ, ಅರಿವು ಹೋದ ಮೇಲೆ ಹೃದಯ ನಿಲ್ಲುವಂತೆ ಮದ್ದು ಕೊಡುತ್ತಾರೆ. ಕೆಲವು ನಿಮಿಷಗಳ ಮಾತು. ಹಗ್ಗವನ್ನು ಆಳಿನ ಕೈಗೆ ಕೊಟ್ಟು ಕಳಿಸುವ ರೂಢಿ ಕೆಲವರಲ್ಲಿದೆ. ಯಜಮಾನನೇ ಹೋಗಿ ಅದರ ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತರೆ ಪ್ರಾಣಿ ಬೆದರುವುದಿಲ್ಲ.