ಕಿವಿಗೆ ತುರುಕಿದ ಹತ್ತಿ

ಅಂಬಲಪಾಡಿಯ ಹೆದ್ದಾರಿ ಜಂಕ್ಷನ್ನಿನಲ್ಲಿ ಬಸ್ಸು ಕಾಯುತ್ತಿದ್ದಾಗ ಇಬ್ಬರು ವಾದಿಸುತ್ತಿದ್ದರು. ಲಾರಿಗಳ ಗದ್ದಲದಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸುವಂತಿರಲಿಲ್ಲ. ಆದರೂ ಇಬ್ಬರೂ ಉತ್ತರಿಸುತ್ತಲೇ ಇದ್ದರು! ಕೇಳದೆಯೇ ಉತ್ತರಿಸುವ ಈ ವಿದ್ಯೆಗೆ ಹೆದ್ದಾರಿಯೇ ಬೇಕೆಂದಿಲ್ಲ. ನಮ್ಮ ಮನೆಯ ಚಾವಡಿ, ಜಮಾಅತಿನ ಸಭೆಗಳೂ ಸಾಕು.

ದೌಸ್ ಗೋತ್ರದ ಕವಿ ತುಫೈಲ್ ಬಿನ್ ಅಮ್ರ್(ರ) ಮಕ್ಕಾಕ್ಕೆ ಬಂದಾಗ, ಮುಹಮ್ಮದರ(ಸ) ಮಾತಿಗೆ ಕಿವಿಗೊಡಬೇಡಿ ಎಂದು ಕುರೈಶರು ಹೆದರಿಸಿದರು. ಅವರು ಕಿವಿಗೆ ಹತ್ತಿ ತುರುಕಿಕೊಂಡೇ ಕಅಬಾಕ್ಕೆ ಹೋದರು. ಅಲ್ಲಿ ಅವರಿಗೆ ನಾಚಿಕೆಯಾಯಿತು. ನಾನು ಕವಿ, ಒಳಿತು ಕೆಡುಕು ತಿಳಿದವನು, ಕೇಳಲು ಭಯವೇಕೆ? ಹತ್ತಿ ಹೊರಬಂತು, ತುಫೈಲ್(ರ) ಮುಸ್ಲಿಮರಾದರು. ಕೇಳದವನ ಹಟದ ಕೆಳಗೆ ಹೆಚ್ಚಾಗಿ ಅಡಗಿರುವುದು ಭಯವೇ. ಕೇಳಿದರೆ ಬದಲಾಗಬೇಕಾದೀತು ಎಂಬ ಭಯ.

ಆದರೆ ಕೇಳುವುದೆಂದರೆ ಒಪ್ಪುವುದಲ್ಲ. ಉತ್ಬಾ ಬಿನ್ ರಬೀಅ ಸಂಪತ್ತು, ನಾಯಕತ್ವಗಳ ಆಮಿಷ ತಂದಾಗ ಪ್ರವಾದಿ(ಸ) ನಡುವೆ ಬಾಯಿ ಹಾಕಲಿಲ್ಲ. ಎಲ್ಲವನ್ನೂ ಕೇಳಿ, ನಿಮ್ಮ ಮಾತು ಮುಗಿಯಿತೇ ಎಂದು ವಿಚಾರಿಸಿ, ಆ ಬಳಿಕ ಕುರ್‌ಆನಿನ 41ನೇ ಅಧ್ಯಾಯವನ್ನು ಓದತೊಡಗಿದರು. ಆಮಿಷದ ಒಂದಂಶವನ್ನೂ ಸ್ವೀಕರಿಸಲಿಲ್ಲ. ಅದೇ ಅಧ್ಯಾಯದಲ್ಲಿ, ಕುರ್‌ಆನನ್ನು ಕೇಳಬೇಡಿ, ಗದ್ದಲವೆಬ್ಬಿಸಿ ಎನ್ನುವವರ ಪ್ರಸ್ತಾಪವೂ ಇದೆ. ಎಲ್ಲರ ಮಾತನ್ನೂ ಕೇಳುತ್ತಿದ್ದ ಪ್ರವಾದಿಯವರನ್ನು(ಸ) ಕಪಟವಿಶ್ವಾಸಿಗಳು ‘ಬರೀ ಕಿವಿ’ ಎಂದು ಹಂಗಿಸಿದರು. ಅವರು ನಿಮ್ಮ ಪಾಲಿಗೆ ಒಳಿತಿನ ಕಿವಿಯೆಂದು ಅಲ್ಲಾಹನೇ ಉತ್ತರಿಸಿದನು.

ಅಂಬಲಪಾಡಿಯಿಂದ ಹೆಚ್ಚು ದೂರವಿಲ್ಲದ ಉಡುಪಿ ಶ್ರೀಕೃಷ್ಣ ಮಠದಲ್ಲಿ 2017ರ ರಮಝಾನಿನಲ್ಲಿ ಪೇಜಾವರ ವಿಶ್ವೇಶತೀರ್ಥರು ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದ್ದರು. ನಮಾಝ್ ನಡೆದದ್ದು ದೇವಾಲಯದೊಳಗಲ್ಲ, ಭೋಜನಶಾಲೆಯಲ್ಲಿ ಎಂದು ಅವರು ವಿವರಿಸಿದರೂ ಪ್ರತಿಭಟನೆ ನಿಲ್ಲಲಿಲ್ಲ. ಆ ಹತ್ತಿ ನಮ್ಮ ಕಣ್ಣಿಗೆ ತಕ್ಷಣ ಕಾಣುತ್ತದೆ. ನಮ್ಮ ಕಿವಿಯದ್ದೋ?

ಮಗಳ ಮಾತು ಅರ್ಧದಲ್ಲಿರುವಾಗಲೇ ‘ನನಗೆ ಗೊತ್ತು’ ಎನ್ನುವ ತಂದೆ, ಕಿರಿಯನೊಬ್ಬ ಲೆಕ್ಕ ಕೇಳಿದರೆ ಸಿಡುಕುವ ಹಿರಿಯ, ಸೊಸೆಯ ಅಹವಾಲಿಗೆ ಮೊದಲೇ ತೀರ್ಪು ಬರೆದಿಟ್ಟಿರುವ ಅತ್ತೆ, ಇವರೆಲ್ಲ ನಮ್ಮವರೇ. ಖಲೀಫಾ ಉಮರ್(ರ) ಒಮ್ಮೆ ದಾರಿಯಲ್ಲಿ ವೃದ್ಧೆ ಖೌಲಾರ(ರ) ಬುದ್ಧಿಮಾತು ಕೇಳುತ್ತಾ ಬಹಳ ಹೊತ್ತು ನಿಂತರು. ಒಬ್ಬ ಮುದುಕಿಗಾಗಿ ಇಷ್ಟು ಜನರನ್ನು ಕಾಯಿಸುವುದೇ ಎಂದು ಜೊತೆಯಲ್ಲಿದ್ದವರು ಆಕ್ಷೇಪಿಸಿದರು. ಈಕೆಯ ದೂರನ್ನು ಅಲ್ಲಾಹನು ಏಳು ಆಕಾಶಗಳ ಮೇಲಿಂದ ಆಲಿಸಿದ್ದಾನೆ, ರಾತ್ರಿಯವರೆಗೆ ನಿಲ್ಲಿಸಿದರೂ ನಮಾಝಿಗಲ್ಲದೆ ನಾನು ಕದಲುತ್ತಿರಲಿಲ್ಲ ಎಂದರು ಉಮರ್(ರ).