ತ್ಯಾಗ ಯಾರದು?

ಹೋದ ವರ್ಷ ನಮ್ಮವ್ವ ತೀರಿಕೊಂಡಳು. ಹನ್ನೊಂದನೇ ದಿನಕ್ಕೆ ನನ್ನ ಮಗಳು ಫ್ಲೆಕ್ಸ್ ಮಾಡಿಸಿದಳು. ಅಜ್ಜಿಯ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ತ್ಯಾಗಮಯಿ, ಸಹನಾಮೂರ್ತಿ'. ಕೇರಿಯ ಮುಂದೆ ಕಟ್ಟಿದೆವು. ನಮ್ಮಕ್ಕನಿಗೆ ಅಕ್ಷರ ಬರೋದಿಲ್ಲ. 'ಏನ್ ಬರ್ಸಿದ್ದೀರಪ್ಪ, ಓದು' ಅಂದಳು. ಓದಿದೆ.

'ಸಹನೆ? ಅವ್ವಂಗಾ?' ಅಂತ ನಕ್ಕುಬಿಟ್ಟಳು. 'ಆ ಬಾಯಿಗೆ ಹೆದರ್ಕಂಡು ಬಡ್ಡಿ ಕೇಳಕ್ ಬರೋನು ನಾಕು ಮಾರು ದೂರ ನಿಂತ್ಕತಿದ್ದ.'

ಅವನು ದೂರ ನಿಲ್ಲೋಕೆ ಬೇರೆ ಕಾರಣವೂ ಇತ್ತು ಅನ್ನಿ. ಆದರೆ ಅಕ್ಕನ ಮಾತು ನಿಜ. ಅವ್ವ ರಾಗಿ ಬೀಸುವಾಗ ಬಯ್ಯುತ್ತಿದ್ದಳು, ಕಳೆ ಕೀಳುವಾಗ ಬಯ್ಯುತ್ತಿದ್ದಳು, ಮೊಮ್ಮಕ್ಕಳಿಗೆ ಒಣಬಾಡು ಸುಟ್ಟುಕೊಡುವಾಗಲೂ ಯಾರನ್ನೋ ಬಯ್ಯುತ್ತಲೇ ಇದ್ದಳು. ಬಡವರ ತಾಯಿ ಸತ್ತರೆ ಸಹನೆ ಅನ್ನುವುದು ಉಳ್ಳವರಿಗೆ ಅನುಕೂಲವಾದ ಮಾತು. ಏಟು ತಿಂದವಳ ತಾಳ್ಮೆಯನ್ನೇ ಹಾಡುತ್ತ ಕೂತರೆ ಹೊಡೆದ ಕೈ ಯಾರ ಕಣ್ಣಿಗೂ ಬೀಳೋದಿಲ್ಲ. ಗೆಳೆಯರೇ, ಇಷ್ಟನ್ನು ಹೇಳಿ ನಾನು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಬಲ್ಲೆ. ಇನ್ನೊಂದು ಪದವಿತ್ತಲ್ಲ, ತ್ಯಾಗ, ಅದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

1968. ಅಪ್ಪನ ಕಾಯಿಲೆಗೆ 120 ರೂಪಾಯಿ ಸಾಲ ಮಾಡಿದ್ದೆವು. ಅಪ್ಪ ಉಳಿಯಲಿಲ್ಲ, ಸಾಲ ಉಳೀತು. ಧಣಿ ಜೀತಕ್ಕೆ ಕೇಳಿದ್ದು ನನ್ನನ್ನು. 'ಇವ್ನು ಓದ್ಲಿ ಬುದ್ದಿ, ಇವ್ಳ ಕರ್ಕಳಿ' ಅಂದಳು ಅವ್ವ. ನನಗೆ 8 ವರ್ಷ, ಅಕ್ಕನಿಗೆ 10. ಒಳಗೆ ಕಾಲಿಡಲು ಬಿಡದ ಮನೆಯ ಕೊಟ್ಟಿಗೆಯಲ್ಲಿ ಅಕ್ಕ ಸಗಣಿ ಬಾಚಿದಳು, ಮೇವು ಹೊತ್ತಳು. ಜೀತಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಆಗ ನಾನು ಹಾಸ್ಟೆಲಿನಲ್ಲಿ ಕೂತು ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದೆ.

ತ್ಯಾಗ ಅಂದರೆ ತನ್ನದನ್ನು ಕೊಡೋದು. ಅಕ್ಕನ ಆ ವರ್ಷಗಳು ಅವ್ವನವಲ್ಲ. ಕೊಟ್ಟವಳು ಒಬ್ಬಳು, ಕಳಕೊಂಡವಳು ಇನ್ನೊಬ್ಬಳು, ಉಂಡವನು ನಾನು.

ಹಾಗಾದರೆ ಅವ್ವ ತಪ್ಪು ಮಾಡಿದಳೇ? ಹೌದು ಅಂದರೆ ಧಣಿ ನಗುತ್ತಾನೆ. ಮಗಳನ್ನು ತಂದು ಬಿಟ್ಟವಳು ಅವಳೇ ಅಲ್ಲವೇನ್ರಪ್ಪ ಅಂತಾನೆ. ಪಾಪ, ಅವಳೇನು ಮಾಡಿಯಾಳು ಅಂದುಬಿಟ್ಟರೆ, ಆಲೋಚಿಸುವ ಶಕ್ತಿಯೇ ಇಲ್ಲದ ದನ ಮಾಡಿದೆವು ಅವ್ವನನ್ನು. ಎರಡು ಮಕ್ಕಳಲ್ಲಿ ಒಂದನ್ನು ಬಿಡು ಎಂದು ತಂದು ನಿಲ್ಲಿಸಿದ್ದು ಧಣಿಯ ಸಾಲ. ಯಾವುದನ್ನು ಅಂತ ತೀರ್ಮಾನಿಸಿದವಳು ಅವ್ವ. ಹೆಣ್ಣುಮಗಳಲ್ಲವಾ, ಹೋಗಲಿ ಅನ್ನುವ ಲೆಕ್ಕ ಧಣಿಯ ಮನೆಯಿಂದಲೇ ಬಂತು ಅನ್ನಲಾರೆ. ನಮ್ಮ ಗುಡಿಸಲಿನಲ್ಲೂ ಅದು ಉಂಡು ಮಲಗಿತ್ತು.

ಅವ್ವನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಅಕ್ಕ ಹಬ್ಬಕ್ಕೆ ಮನೆಗೆ ಬಂದಾಗೆಲ್ಲ ಅವ್ವ ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದಳು. ಒಂದು ಮಾತಿಲ್ಲ. ಅಷ್ಟು ಬಾಯಿಯ ಹೆಂಗಸು!

1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನುವುದನ್ನು ಅದರ ಹೆಂಗಸರನ್ನು ನೋಡಿ ಅಳೆಯುತ್ತೇನೆ ಎಂಬರ್ಥದ ಮಾತಾಡಿದರು. ಇದನ್ನು ಎಷ್ಟೋ ವೇದಿಕೆಗಳಲ್ಲಿ ನಾನೇ ಹೇಳಿದ್ದೇನೆ. ಕೆಲವು ಸಲ ಅಕ್ಕ ಎದುರಿಗೇ ಕೂತಿರುತ್ತಿದ್ದಳು. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದು.

ಅವತ್ತು ಫ್ಲೆಕ್ಸಿನ ಕೆಳಗೆ ನಿಂತು ಅವಳನ್ನು ಕೇಳಿದೆ: 'ಅವ್ವನ ಮೇಲೆ ನಿಂಗೆ ಸಿಟ್ಟಿಲ್ವಾ ಅಕ್ಕ?'

'ಅವ್ವನ ಮ್ಯಾಲೆ ಯಾಕಪ್ಪ? ಎಣ್ಣೆ ಹಚ್ವಾಗೆಲ್ಲ ಹಿಂದ್ಗಡೆ ಕೂತ್ಕಂಡು ಅಳ್ತಿದ್ಲು, ನಂಗ್ ಗೊತ್ತಾಯ್ತಿತ್ತು. ನೀನು ಇವತ್ತೇ ಕಣಪ್ಪ ಕೇಳ್ತಿರೋದು.'

ಗಾಳಿಗೆ ಫ್ಲೆಕ್ಸಿನ ಒಂದು ಮೂಲೆಯ ದಾರ ಬಿಚ್ಚಿಕೊಂಡಿತ್ತು. ಅಕ್ಕ ಹೋಗಿ ಅದನ್ನು ಬಿಗಿದು ಕಟ್ಟಿದಳು.