ಉಳಿಸಿದ್ದು ಯಾರ ತಾಟಿನಿಂದ

ಅಪ್ಪಾ, ಕಲಬುರಗಿಯ ಶರಣಬಸಪ್ಪಾ, ಹೆಚ್ಚಿಗೆ ಬೇಡಲು ಬಂದವಳಲ್ಲ ಎಂದು ನಿನ್ನ ಮುಂದೆ ನಿಂತು ಹೇಳಿದರೆ ಸುಳ್ಳಾದೀತು. ಕೊಟ್ಟರೆ ಸೆರಗೊಡ್ಡಿ ತೆಗೆದುಕೊಳ್ಳುತ್ತೇನೆ. ಆದರೆ ನಿನ್ನ ಗುಡಿಯ ಸೋಮವಾರದ ಸಾಲಿನಲ್ಲಿ ನಿಂತವರೆಲ್ಲ ಕೇಳುವುದು ಅದನ್ನೇ. ಅಷ್ಟು ದನಿಗಳಲ್ಲಿ ನನ್ನದೂ ಸೇರಿದರೆ ನಿನಗೆ ಕೇಳಿಸೀತು ಎಂಬ ಭರವಸೆಯಿಲ್ಲ. ಅದಕ್ಕೇ ಇವತ್ತು ಬೇರೆ ಅರ್ಜಿ ತಂದಿದ್ದೇನೆ. ಮನೆಯ ಲೆಕ್ಕದ ವಹಿ ಬಿಚ್ಚಿಡುತ್ತೇನೆ, ಪುರಸೊತ್ತು ಮಾಡಿಕೊಂಡು ಕೇಳು.

ಮೊದಲ ಪುಟ ಪಗಾರದ್ದು. ಗಂಡ ಕಪನೂರಿನ ಒಂದು ಬ್ಯಾಳಿ ಮಿಲ್ಲಿನಲ್ಲಿ ದುಡಿಯುತ್ತಾರೆ. ಹೊಸ ತೊಗರಿ ನೆಹರೂ ಗಂಜ್‌ಗೆ ಬಂದು ಬೀಳುವ ಚಳಿಗಾಲದಲ್ಲಿ ಮಿಲ್ಲು ಹಗಲೂ ರಾತ್ರಿ ಓಡುತ್ತದೆ, ನಾಲ್ಕು ಕಾಸು ಹೆಚ್ಚಿಗೆ ಕೈಸೇರುತ್ತದೆ. ಮಳೆಗಾಲ ಹತ್ತಿದರೆ ಕೆಲಸದ ದಿನಗಳು ಕರಗುತ್ತವೆ. ಅದರ ಕೆಳಗಿನ ಸಾಲು 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರಿಗೆ ದುಡ್ಡು ಜಮಾ ಆದದ್ದು ನೋಡಿ ಹಿಗ್ಗಿದ್ದು ನಿಜ. ಅದು ಹೋದದ್ದೆಲ್ಲಿಗೆ ಎಂದು ಬೆರಳಿಟ್ಟು ನೋಡಿದರೆ ಮನೆ ಬಾಡಿಗೆ, ಮಗನ ಟ್ಯೂಷನ್, ಅತ್ತೆಯ ಬಿಪಿ ಗುಳಿಗೆ. ನನ್ನ ಹೆಸರಿಗೆ ಬಂದದ್ದು ನನ್ನ ಹೆಸರಿನ ಖರ್ಚಿಗೆ ಒಮ್ಮೆಯೂ ಹೋಗಿಲ್ಲ. ಸದ್ಯ ಬರೀ ಓದಿ ಹೇಳುತ್ತಿದ್ದೇನೆ, ದೂರು ಆಮೇಲೆ.

ಸಂಘದ ಸಾಲದ ಕಂತಿನ ಪುಟ ಬೇಗ ತಿರುವುತ್ತೇನೆ. ವಸೂಲಿಗೆ ಬರುವವರು ಬಾಗಿಲಲ್ಲಿ ನಿಂತು ಮಾನ ಕಳೆಯಬಾರದು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಓಣಿಯಲ್ಲಿ ಗದ್ದಲ ಕಡಿಮೆಯಾಗಿದೆ. ಕಂತು ಕಡಿಮೆಯಾಗಿಲ್ಲ.

ಉಳಿದ ಪುಟಗಳೆಲ್ಲ ಹೊಟ್ಟೆಯವು. ನಮ್ಮ ಜಿಲ್ಲೆಗೆ ತೊಗರಿ ಕಣಜ ಎನ್ನುತ್ತಾರೆ. 2019ರಲ್ಲಿ ಗುಲಬರ್ಗಾ ತೊಗರಿ ಬ್ಯಾಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು; ಇಲ್ಲಿನ ಕರಿಮಣ್ಣಿನ ಗುಣಕ್ಕೆ ಸರ್ಕಾರದ ಮುದ್ರೆ ಬಿತ್ತು. ಕಣಜದ ಬಾಯಲ್ಲೇ ಮನೆ ಕಟ್ಟಿಕೊಂಡರೂ ಕಾಳೇನು ಅಗ್ಗವಲ್ಲ. 2015ರಲ್ಲಿ ಬ್ಯಾಳಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿತ್ತಲ್ಲ, ಆ ದಿನಗಳಲ್ಲಿ ಗಂಡ ಇಡೀ ದಿನ ಬ್ಯಾಳಿಯ ಧೂಳಿನಲ್ಲಿ ನಿಂತು, ತಲೆ ಹುಬ್ಬು ಹಳದಿ ಮಾಡಿಕೊಂಡು ಮನೆಗೆ ಬಂದರೆ ನಾನು ಬಡಿಸುತ್ತಿದ್ದದ್ದು ಹುಣಸೆ ಸಾರು.

ಆಗ ಕಲಿತ ವಿದ್ಯೆ ಕೈಬಿಟ್ಟಿಲ್ಲ. ಪುಂಡಿ ಸೊಪ್ಪಿಗೆ ಒಂದು ಹಿಡಿ ಬ್ಯಾಳಿ, ಒಂದು ಹಿಡಿ ಜ್ವಾಳದ ನುಚ್ಚು ಹಾಕಿ ಕುದಿಸಿ ಮಸೆದು, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಇಡೀ ಮನೆಗೆ ಆಗುತ್ತದೆ. ಸೊಪ್ಪಿಗೇ ಹುಳಿಯಿದೆ, ಹುಣಸೆಹಣ್ಣಿನ ಖರ್ಚಿಲ್ಲ. ಮರುದಿನ ರುಚಿ ಇನ್ನೂ ಏರುತ್ತದೆ. ಹಂಚು ದಿನಾ ಕಾಯಿಸುವ ಬದಲು ಒಮ್ಮೆ ಕಾದಾಗಲೇ ವಾರದ ರೊಟ್ಟಿ ತಟ್ಟಿ, ಖಟಿ ಮಾಡಿ ಬುಟ್ಟಿಗಿಟ್ಟರೆ ಸಿಲಿಂಡರ್ ನಾಲ್ಕು ದಿನ ಹೆಚ್ಚು ಬರುತ್ತದೆ. ಮುರುಕು ರೊಟ್ಟಿಗೆ ಉಳ್ಳಾಗಡ್ಡಿ ಒಗ್ಗರಣೆ. ಪಲ್ಯ ಇಲ್ಲದ ಹೊತ್ತಿಗೆ ಶೇಂಗಾ ಹಿಂಡಿ, ಅದೂ ಮುಗಿದರೆ ಖಾರದ ಪುಡಿಗೆ ಎರಡು ಹನಿ ಎಣ್ಣೆ. ತಿಂಗಳ ಕೊನೆಯ ವಾರ ಚಹಾದಲ್ಲಿ ಹಾಲಿನ ಬಣ್ಣ ಮಾತ್ರ ಇರುತ್ತದೆ. ಇಷ್ಟೆಲ್ಲ ನನಗೆ ಹೇಳಿಕೊಟ್ಟವಳು ಎಪ್ಪತ್ತೆರಡರ ಬರದಲ್ಲಿ ಕಲ್ಲು ಹೊತ್ತ ಅತ್ತೆ. ಜ್ವಾಳದ ಹಿಟ್ಟು ಜರಡಿ ಹಿಡಿದ ಮೇಲೆ ಉಳಿದ ತೌಡನ್ನೂ ಆಕೆ ಕಣ್ಣಳತೆಯಲ್ಲೇ ತೂಗಬಲ್ಲಳು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಅಜ್ಜಿಯರ ಕಾಲದ ಊಟಕ್ಕೆ ಮರಳಿದರೆ ಖರ್ಚು ತಾನೇ ಇಳಿಯುತ್ತದೆ ಎಂದು ಪೇಪರಿನಲ್ಲಿ ಬರೆಯುವವರಿದ್ದಾರೆ. ಅವರು ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಕಿರಾಣಿ ಅಂಗಡಿಯಲ್ಲಿ ಮಾಲ್ದಂಡಿ ಜ್ವಾಳದ ದರ ಕೇಳಿಲ್ಲ. ರೇಷನ್ ಅಕ್ಕಿ ಪುಕ್ಕಟೆ, ಅಂಗಡಿಯ ಜ್ವಾಳಕ್ಕೆ ದುಡ್ಡು. ಹೀಗಾಗಿ ಜ್ವಾಳದ ಸೀಮೆಯ ಬಡವರ ಮನೆಯಲ್ಲಿ ಅನ್ನ ದಿನದ ಊಟವಾಗಿ, ಬಿಸಿ ರೊಟ್ಟಿ ಬೀಗರು ಬಂದಾಗಿನ ಊಟವಾಗುತ್ತಿದೆ. ಈಗ ಸ್ವಸಹಾಯ ಸಂಘದ ಹೆಂಗಸರು ತಟ್ಟಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಹೊತ್ತು ಪ್ಯಾಕೆಟ್ಟಿನಲ್ಲಿ ಮಾರಾಟವಾಗುತ್ತಿದೆ. ನನಗೆ ಅದರಲ್ಲಿ ಒಂದು ಸಂತೋಷವಿದೆ: ರೊಟ್ಟಿ ತಟ್ಟುವುದಕ್ಕೂ ಕೂಲಿ ಉಂಟು ಎಂದು ಕೊನೆಗೂ ಒಂದು ಚೀಟಿಯ ಮೇಲೆ ಬರೆದು ಬಂತು.

ಈಗ ದೂರು. ವಹಿಯಲ್ಲಿ ಹಾಲು, ಎಣ್ಣೆ, ಉದ್ರಿ ಎಲ್ಲಕ್ಕೂ ಕಲಂ ಇದೆ. ಒಂದಕ್ಕೆ ಮಾತ್ರ ಇಲ್ಲ. ತಿಂಗಳ ಕೊನೆಗೆ ‘ಉಳಿಯಿತು’ ಎಂದು ಬರೆಯುತ್ತೇನಲ್ಲ, ಅದು ಯಾರ ತಾಟಿನಿಂದ ಉಳಿಯಿತು ಎಂದು ಎಲ್ಲಿಯೂ ಬರೆದಿಲ್ಲ. ದುಡಿದು ಬಂದವರು ಮೊದಲು ಉಣ್ಣಬೇಕು, ಬೆಳೆಯುವ ಮಗ ಎರಡು ಸಲ ಕೇಳುತ್ತಾನೆ, ಮುದುಕಿಗೆ ಮೆತ್ತಗಿನದು ಬೇಕು. ಬೋಗುಣಿಯ ತಳದಲ್ಲಿ ಬ್ಯಾಳಿ ಹೋಗಿ ಬರೀ ಕಟ್ಟು ಉಳಿದಾಗ ನನ್ನ ಸರದಿ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ದವಾಖಾನೆಯಲ್ಲಿ ನರ್ಸಮ್ಮ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟಳು. ನಾನೊಬ್ಬಳೇ ಅಲ್ಲವಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅಪ್ಪಾ, ಆ ಲೆಕ್ಕ ನೋಡಿದರೆ ನನ್ನ ವಹಿಯಲ್ಲಿ ಇಲ್ಲದ ಕಲಮನ್ನು ಬೇರೆ ಯಾರೋ ತುಂಬಿಟ್ಟ ಹಾಗಿದೆ. ಕರ್ನಾಟಕದ ಎಷ್ಟು ಮನೆಗಳ ಉಳಿತಾಯ ಆ ಅರ್ಧದಷ್ಟು ಹೆಂಗಸರ ಮೈಯೊಳಗಿಂದ ಬಂದಿದೆಯೋ, ನೀನೇ ಬಲ್ಲೆ.

ಕರೆಂಟಿನ ವಿಷಯವನ್ನೂ ಇಲ್ಲೇ ಹೇಳಬೇಕು. ಅದು ಬೇರೆಯ ವಿಷಯ ಅನ್ನಿಸಿದರೂ ಅಲ್ಲ. ಗೃಹಜ್ಯೋತಿಗೆ ಚಾಲನೆ ಕೊಟ್ಟದ್ದು ನಮ್ಮೂರಲ್ಲೇ, 2023ರ ಆಗಸ್ಟ್ 5ರಂದು, ಎನ್.ವಿ. ಮೈದಾನದಲ್ಲಿ. 200 ಯೂನಿಟ್ ಪುಕ್ಕಟೆ ಎಂದು ಓಣಿಯೆಲ್ಲ ಸಂಭ್ರಮ. ಆಮೇಲೆ ನಿಯಮ ತಿಳಿಯಿತು: ಹಿಂದಿನ ವರ್ಷ ಸರಾಸರಿ ಎಷ್ಟು ಉರಿಸಿದ್ದೆವೋ ಅದರ ಮೇಲೆ ಶೇ. 10 ಸೇರಿಸಿ ನಮ್ಮ ಮಿತಿ. ಈ ಊರಿನ ಬ್ಯಾಸಗಿಯಲ್ಲಿ ಕೂಲರ್ ಹಚ್ಚದೆ ಮಾಳಿಗೆ ಮೇಲೆ ಮಲಗಿದ ನಮಗೆ ಚಿಕ್ಕ ಮಿತಿ, ಎರಡು ಕೂಲರ್ ಓಡಿಸಿದವರಿಗೆ ದೊಡ್ಡದು. ಕಡಿಮೆ ಉರಿಸುವವರಿಗೆ ಶೇ. 10ರ ಬದಲು 10 ಯೂನಿಟ್ ಎಂದು 2024ರಲ್ಲಿ ತಿದ್ದಿದರು, ಒಳ್ಳೆಯದಾಯಿತು. ಆದರೆ ಆ ನಿಯಮದ ಬುದ್ಧಿ ನನಗೆ ಹೊಸದಾಗಿರಲಿಲ್ಲ. ಕಡಿಮೆಯಲ್ಲಿ ಬದುಕಿ ತೋರಿಸಿದವರಿಗೆ ಆ ಕಡಿಮೆಯೇ ಅಳತೆಯಾಗಿಬಿಡುತ್ತದೆ. ಒಂದೂವರೆ ರೊಟ್ಟಿಯಲ್ಲಿ ಎದ್ದವಳನ್ನು ನಾಲ್ಕು ದಿನ ನೋಡಿದರೆ ಐದನೆಯ ದಿನ ಮನೆಮಂದಿಗೆಲ್ಲ ಅನ್ನಿಸುತ್ತದೆ: ಆಕಿಗಿ ಅಷ್ಟಽ ಸಾಕು.

ನನ್ನಂಥವರ ಬಾಯಿ ಮುಚ್ಚಿಸಲು ಪ್ರವಚನಗಳಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆ ಹೇಳುತ್ತಾರೆ. ಕಮಲಾಪುರದ ಬಸ್ಸು ಹಿಡಿದು ಹಾಗೇ ಮುಂದೆ ಹೋದರೆ ಹುಮನಾಬಾದ್, ಅಲ್ಲಿಂದಾಚೆ ಆಕೆ ಬಾಳಿದ ಕಲ್ಯಾಣ. ಗಂಡ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ, ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಚೆಲ್ಲಿ ಬಾ ಎಂದಳು. ನೋಡಿ, ಎಂಥ ತೃಪ್ತಿ, ಎಂದು ಪ್ರವಚನ ಮುಗಿಯುತ್ತದೆ, ನಾವು ಕೈಮುಗಿದು ಏಳುತ್ತೇವೆ. ನನಗೆ ಆ ಕತೆಯಲ್ಲಿ ಕಾಣುವುದು ಬೇರೆ. ಮನೆಗೆ ಎಷ್ಟು ಬೇಕು ಎಂದು ಅಳೆದವಳು ಆಕೆ. ಹೆಚ್ಚು ಯಾಕೆ ಬಂತು ಎಂದು ಗಂಡನಿಗೆ ಎದುರು ನಿಂತು ಕೇಳಿದವಳೂ ಆಕೆ. ಹಾಗೆ ಅಳೆಯುವವಳು ತನ್ನ ಹೊಟ್ಟೆಯನ್ನು ಲೆಕ್ಕದಿಂದ ಬಿಟ್ಟಿದ್ದಳು ಎಂದು ನಾನು ನಂಬಲಾರೆ. ಹೆಚ್ಚಾದಾಗ ಕೇಳುವ ಅಧಿಕಾರವಿದ್ದವಳಿಗೆ ಕಡಿಮೆಯಾದಾಗ ಕೇಳುವ ಅಧಿಕಾರವೂ ಇದ್ದೀತು. ಆ ಎರಡನೆಯದನ್ನು ಯಾವ ಪ್ರವಚನದಲ್ಲೂ ನನಗೆ ಯಾರೂ ಹೇಳಿಲ್ಲ.

ಕಮಲಾಪುರ ನನ್ನ ತವರು. ಅಲ್ಲಿನ ಕೆಂಪು ಬಾಳೆಯ ಹೆಸರು ನೀನೂ ಕೇಳಿರುತ್ತೀ, ಭಕ್ತರು ತಂದು ಏರಿಸಿರುತ್ತಾರೆ. ಬೇರೆ ಬಾಳೆ ವರ್ಷದ ಹೊತ್ತಿಗೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷ ಹಿಡಿಯುತ್ತದೆ. ಅಷ್ಟು ದಿನವೂ ನೀರು, ಗೊಬ್ಬರ, ಕಾವಲು. ಅದಕ್ಕೇ ಆ ದರ, ಅದಕ್ಕೇ ಅದು ಶ್ರೀಮಂತರ ಹಣ್ಣು. ನಮ್ಮಪ್ಪನಿಗಿದ್ದದ್ದು ಮಳೆ ನಂಬಿದ ತುಂಡು ಹೊಲ, ತೋಟ ಬೇರೆಯವರದು. ಕೂಲಿಗೆ ಹೋದ ದಿನ ಗೊನೆಯಿಂದ ಉದುರಿದ ಒಂದು ಹಣ್ಣು ಕೊಟ್ಟರೆ ಅವ್ವ ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಮಕ್ಕಳಿಗೆಲ್ಲ ಹಂಚುತ್ತಿದ್ದಳು. ತನಗೆ ಬಾಳೆ ಥಂಡಿ, ಸೇರುವುದಿಲ್ಲ ಎನ್ನುತ್ತಿದ್ದಳು. ನಾವು ನಂಬಿದೆವು, ನಂಬಿದರೆ ನಮಗೊಂದು ಬಿಲ್ಲೆ ಹೆಚ್ಚು.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ತವರಿನ ದಾರಿ ಹತ್ತಿರವಾಗಿದೆ. ಮೊದಲಾದರೆ ಟಿಕೆಟ್ಟಿನ ದುಡ್ಡಿಗೆ ಒಂದು ಕಿಲೋ ಸಕ್ಕರೆ ಬರುತ್ತದೆ ಎಂದು ಲೆಕ್ಕ ಹಾಕಿ ಹಬ್ಬಕ್ಕೂ ಹೋಗದೆ ಉಳಿದದ್ದುಂಟು. ಈಚೆಗೆ ಹೋದಾಗ ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡವಳ ಹತ್ತಿರ ಕೆಂಪು ಬಾಳೆ ಕೊಂಡೆ, ಬಸ್ಸಿನಲ್ಲಿ ಉಳಿದ ದುಡ್ಡಿನಲ್ಲೇ. ಒಂದನ್ನು ಸುಲಿದು ಅವ್ವನ ಕೈಗಿಟ್ಟೆ. ಈಗ ಹಲ್ಲಿಲ್ಲ, ಮೆಲ್ಲಗೆ ಪೂರ್ತಿ ತಿಂದಳು. ಸಿಪ್ಪೆಯ ಒಳಮೈಯನ್ನು ಒಮ್ಮೆ ನೋಡಿ, ‘ಇನ್ನೊಂದು ಐತೇನು?’ ಎಂದಳು. ಥಂಡಿ ಏನಾಯಿತು ಎಂದು ನಾನು ಕೇಳಲಿಲ್ಲ.

ಎಳ್ಳಮವಾಸೆಯ ಖರ್ಚೂ ವಹಿಯಲ್ಲಿದೆ, ಅದರ ಮೇಲೆ ಕೆಂಪು ಗೀಟಿಲ್ಲ. ಸಜ್ಜಿ ರೊಟ್ಟಿ, ಕಡಬು, ಹತ್ತೆಂಟು ಕಾಯಿಪಲ್ಯೆ ಕೂಡಿಸಿದ ಭಜ್ಜಿ, ಎಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಮೊದಲು ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ನಿಂತ ಜ್ವಾಳದ ನಡುವೆ ಅನ್ನ ಎರಚುವುದನ್ನು ನೋಡಿದರೆ ಬ್ಯಾಂಕಿನವರು ತಲೆ ಚಚ್ಚಿಕೊಂಡಾರು. ತಿಂಗಳ ಕೊನೆಗೆ ಹಾಲಿನ ಬಣ್ಣದ ಚಹಾ ಕುಡಿಯುವ ನಾನು ಅಂದು ಕೈ ಹಿಡಿಯುವುದಿಲ್ಲ. ನೀನೂ ಅರಳಗುಂಡಗಿಯ ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯಲು ನೀರಿಟ್ಟವನು ಎಂದು ಹೇಳುತ್ತಾರೆ. ಹಾಗಾಗಿ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಮಧ್ಯಾಹ್ನದ ಇನ್ನೊಂದು ಸೊಗಸು ನನಗಷ್ಟೇ ಗೊತ್ತು: ಹೊಲದಲ್ಲಿ ಅಡುಗೆಮನೆ ಇಲ್ಲ, ಬಡಿಸಿ ಒಳಗೆ ಸರಿಯುವ ಬಾಗಿಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು, ಎತ್ತು ಕಾಯುವವನು ಎಲ್ಲರೂ ಒಮ್ಮೆಗೇ ಕೂತು ಉಣ್ಣುತ್ತಾರೆ. ವರ್ಷದಲ್ಲಿ ಆ ಒಂದು ದಿನ ನನ್ನ ಬ್ಯಾಳಿಯೊಳಗೆ ಬ್ಯಾಳಿ ಇರುತ್ತದೆ.

ನಿನ್ನನ್ನೇ ಒಂದು ಕೇಳುವುದಿದೆ, ಸಿಟ್ಟಾಗಬೇಡ. 1822ರಲ್ಲಿ ನೀನು ಲಿಂಗೈಕ್ಯನಾದ ಮೇಲೂ ನಿನ್ನ ದಾಸೋಹದ ಒಲೆ ಆರಿಲ್ಲ. ಬಂದವರು ಯಾರು, ಯಾವ ಜಾತಿ, ಎಷ್ಟು ಉಂಡರು ಎಂದು ಕೇಳದ ಪಂಕ್ತಿ ಅದು. ಶ್ರಾವಣದಲ್ಲಿ ನಿನ್ನ ಪುರಾಣ ಕೇಳುತ್ತ ಕೂತಾಗೆಲ್ಲ ನನ್ನ ಮನಸ್ಸು ಅಡುಗೆಮನೆಗೇ ಓಡುತ್ತದೆ. ಅಷ್ಟು ಮಂದಿಗೆ ರೊಟ್ಟಿ ತಟ್ಟಿದ ಕೈಗಳು ಯಾವ ಹೊತ್ತಿಗೆ ಉಂಡವು? ಅವರಿಗೆ ಪಲ್ಯ ಉಳಿದಿತ್ತೇ? ಎಲ್ಲರೂ ಉಂಡ ಮೇಲೆ ತಾನು ಉಣ್ಣುವುದು ನಿನ್ನ ದಾರಿಯಲ್ಲಿ ದೊಡ್ಡ ಸೇವೆ. ಅದೇ ಕೆಲಸ ನನ್ನ ಮನೆಯಲ್ಲಿ ದಿನಾ ನಡೆಯುತ್ತದೆ, ಅದನ್ನು ಸೇವೆ ಅನ್ನುವವರಿಲ್ಲ, ಉಳಿತಾಯ ಅನ್ನುವವರೂ ಇಲ್ಲ.

ಮಿತವಾಗಿ ಬದುಕುವುದಕ್ಕೆ ನನ್ನ ತಕರಾರಿಲ್ಲ. ಖಟಿ ರೊಟ್ಟಿ ಇರಲಿ, ಪುಂಡಿ ಪಲ್ಯ ಇರಲಿ, ಹಳೆ ಸೀರೆಯ ಕೌದಿ ಇರಲಿ. ಹೊಲಿಗೆ ಬಿಚ್ಚಿದ ಚಪ್ಪಲಿ ಇನ್ನೊಂದು ಮಳೆಗಾಲ ಬಾಳಲಿ. ಬ್ಯಾಳಿ ತೆಳುವಾಗುವುದಾದರೆ ಇಡೀ ಬೋಗುಣಿ ತೆಳುವಾಗಲಿ. ತಳದ ಕಟ್ಟು ಒಬ್ಬರ ಪಾಲಿಗೇ ಬರುವುದು ಬೇಡ. ಇದನ್ನು ಗಂಡನಿಗೆ ಹೇಳುವ ಧೈರ್ಯ ಕೊಡು. ಅವರು ಕೆಟ್ಟವರಲ್ಲ, ದಣಿದು ಬಂದವರಿಗೆ ಬೋಗುಣಿಯ ತಳ ಕಾಣುವುದಿಲ್ಲ, ಅಷ್ಟೇ. ಅತ್ತೆಗೆ ನಾನು ಹೇಳಬೇಕಿಲ್ಲ, ಆಕೆಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದಾಳೆ, ಯಾಕೆಂದರೆ ಆಕೆಯ ಅತ್ತೆಯೂ ಸುಮ್ಮನಿದ್ದಳು. ಮಗನಿಗೆ ಮಾತ್ರ ಈಗಲೇ ಬಡಿಸುವುದು ಕಲಿಸುತ್ತೇನೆ. ಎಷ್ಟು ಮಂದಿ ಇದ್ದೀವಿ ಎಂದು ಎಣಿಸಿ ತಾಟು ಹಚ್ಚುವಾಗ ಅವ್ವನನ್ನೂ ಸೇರಿಸಿ ಎಣಿಸುವ ಬುದ್ಧಿ ಅವನಿಗೆ ನೀನು ಕೊಡಬೇಕು.

ಹೋಳಿ ಹುಣ್ಣಿಮೆಯಾಗಿ ಐದನೆಯ ದಿನಕ್ಕೆ ನಿನ್ನ ತೇರು. ಅಷ್ಟರೊಳಗೆ ಇದಿಷ್ಟು ನಡೆಸಿಕೊಟ್ಟರೆ ಹೊಸ ತೊಗರಿಯ ಬ್ಯಾಳಿ ಒಂದು ಸೇರು ನಿನ್ನ ದಾಸೋಹಕ್ಕೆ ಹರಕೆ. ನಡೆಸದಿದ್ದರೆ ಅರ್ಧ ಸೇರು. ಎರಡನ್ನೂ ಮಾರ್ಚ್ ತಿಂಗಳ ಖರ್ಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಯಾವುದನ್ನು ಅಳಿಸಬೇಕು ಎಂಬುದು ನಿನಗೆ ಬಿಟ್ಟದ್ದು.